ಶಿಕಾಗೋ ಜಲಗೋಪುರ

ಅಮೆರಿಕದ ಶಿಕಾಗೋ ನಗರದ ಮಿಶಿಗನ್ ಅವೆನ್ಯೂದಲ್ಲಿರುವ ಕಲ್ಲಿನ ಗೋಪುರ. ವಾಸ್ತುಶಿಲ್ಪಿ ವಿಲಿಯಂ ಬಾಯಿಂಗ್ಟನ್. ಕಟ್ಟಡ ಪೂರ್ಣಗೊಂಡದ್ದು 1869ರಲ್ಲಿ. 1871ರ ಮಹಾ ಅಗ್ನಿದುರಂತದಲ್ಲಿ ಉಳಿದುಕೊಂಡದ್ದರಿಂದ ನಗರದ ಹೆಗ್ಗುರುತಾಯಿತು.

ಇದರ ಕಥೆ ಶುರುವಾಗುವುದು ಕೊಳಕು ನೀರಿನಿಂದ. ನಗರದ ಚರಂಡಿ ನೀರು ಶಿಕಾಗೋ ನದಿಗೆ, ನದಿಯಿಂದ ಮಿಶಿಗನ್ ಸರೋವರಕ್ಕೆ ಸೇರುತ್ತಿತ್ತು. ಜನ ಕುಡಿಯುತ್ತಿದ್ದುದೂ ಅದೇ ಸರೋವರದ ದಡದ ನೀರನ್ನು. ಕಾಲರಾ, ಟೈಫಾಯ್ಡ್ ಮರುಕಳಿಸುತ್ತಿದ್ದವು. ದಡದಿಂದ ದೂರ ಹೋದರೆ ಶುದ್ಧ ನೀರು ಸಿಗುತ್ತದೆಂದು ಎಂಜಿನಿಯರ್ ಎಲಿಸ್ ಚೆಸ್‌ಬ್ರೊ ಸರೋವರದ ತಳದಡಿಯ ಜೇಡಿಮಣ್ಣಿನಲ್ಲಿ ಸುಮಾರು ಎರಡು ಮೈಲಿ ಉದ್ದದ ಸುರಂಗ ತೋಡಿಸಿದ. 1864ರಲ್ಲಿ ಆರಂಭವಾದ ಈ ಕೆಲಸದ ಫಲವಾಗಿ 1867ರಲ್ಲಿ ನಗರಕ್ಕೆ ನೀರು ಬಂತು. ಆ ಕಾಲಕ್ಕೆ ಇದು ನಿಜಕ್ಕೂ ದೊಡ್ಡ ಸಾಹಸ. ಗೋಪುರ ಈ ನೀರಿನ ವ್ಯವಸ್ಥೆಯ ಒಂದು ಅಂಗ ಮಾತ್ರ.

ನಮ್ಮ ಊರುಗಳ ಓವರ್‌ಹೆಡ್ ಟ್ಯಾಂಕಿನಂತೆ ಇದರೊಳಗೆ ನೀರಿನ ತೊಟ್ಟಿ ಇರಲಿಲ್ಲ. ಇದ್ದದ್ದು ನೆಟ್ಟಗೆ ನಿಲ್ಲಿಸಿದ, 138 ಅಡಿ ಎತ್ತರ, ಮೂರು ಅಡಿ ವ್ಯಾಸದ ಕಬ್ಬಿಣದ ಕೊಳವೆ. ಅಂದಿನ ಉಗಿ ಪಂಪುಗಳು ನಾಡಿ ಮಿಡಿದಂತೆ ತಡೆತಡೆದು ನೀರು ನೂಕುತ್ತಿದ್ದವು. ಒತ್ತಡ ಏರಿದಾಗ ನೀರು ಈ ಕೊಳವೆಯಲ್ಲಿ ಮೇಲೇರುತ್ತಿತ್ತು, ಇಳಿದಾಗ ಕೆಳಗೆ ಬರುತ್ತಿತ್ತು. ಇದರಿಂದ ಊರಿನ ನಲ್ಲಿಗಳಲ್ಲಿ ಹರಿವು ಒಂದೇ ಸಮನಾಗಿರುತ್ತಿತ್ತು. ಈ ಕೊಳವೆಯನ್ನು ಮರೆಮಾಡಲು ಬಾಯಿಂಗ್ಟನ್ ಜೋಲಿಯೆಟ್ ಕಡೆಯ ತಿಳಿಹಳದಿ ಸುಣ್ಣಕಲ್ಲಿನಿಂದ ಗಾಥಿಕ್ ಕೋಟೆಯಂಥ ಕಟ್ಟಡ ಎಬ್ಬಿಸಿದ. 1882ರಲ್ಲಿ ಶಿಕಾಗೋಗೆ ಬಂದಿದ್ದ ಸಾಹಿತಿ ಆಸ್ಕರ್ ವೈಲ್ಡ್ ಇದರ ರೂಪವನ್ನು ಕಟುವಾಗಿ ಹಳಿದ. ಪಂಪುಗಳ ಕೆಲಸವನ್ನು ಮಾತ್ರ ಮೆಚ್ಚಿಕೊಂಡ.

1871ರ ಅಕ್ಟೋಬರ್ 8ರ ರಾತ್ರಿ ಹೊತ್ತಿದ ಬೆಂಕಿಗೆ ಸುಮಾರು 300 ಜನ ಸತ್ತರು, ಒಂದು ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ಗೋಪುರವೊಂದೇ ಉಳಿಯಿತು ಎಂಬ ಮಾತು ಜನಪ್ರಿಯವಾದರೂ ಸರಿಯಲ್ಲ. ಸುಟ್ಟ ಪ್ರದೇಶದಲ್ಲಿ ಬೇರೆ ಕೆಲವು ಕಟ್ಟಡಗಳೂ ಉಳಿದವು. ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಗೋಪುರದ ಎದುರಿಗೇ ಇದ್ದ ಪಂಪ್‌ಹೌಸಿನ ಚಾವಣಿಗೆ ಬೆಂಕಿ ಬಿದ್ದು ಯಂತ್ರಗಳು ನಿಂತುಹೋದವು. ಬೆಂಕಿ ಆರಿಸುತ್ತಿದ್ದವರಿಗೆ ನೀರೇ ಇಲ್ಲದಂತಾಯಿತು. ಕಲ್ಲು ನಿಂತಿತು, ವ್ಯವಸ್ಥೆ ಬಿತ್ತು. ನಗರದ ನೆನಪಿನಲ್ಲಿ ಮೊದಲನೆಯದು ಉಳಿದಷ್ಟು ಎರಡನೆಯದು ಉಳಿದಿಲ್ಲ.

ಹೊಸ ಬಗೆಯ ಪಂಪುಗಳು ಬಂದಮೇಲೆ ಕೊಳವೆಯ ಅಗತ್ಯ ತಪ್ಪಿ, 20ನೇ ಶತಮಾನದ ಆರಂಭದಲ್ಲಿ ಅದನ್ನು ತೆಗೆದರು. ಗೋಪುರಕ್ಕೆ ಕೆಲಸವಿಲ್ಲದಿದ್ದರೂ ಕೆಡವಲು ಜನರಿಗೆ ಮನಸ್ಸಾಗಲಿಲ್ಲ. 1918ರಲ್ಲಿ ಪೈನ್ ಬೀದಿಯನ್ನು ಅಗಲಿಸಿ ಮಿಶಿಗನ್ ಅವೆನ್ಯೂವನ್ನು ವಿಸ್ತರಿಸುವಾಗ, ಗೋಪುರ ಉಳಿಯುವಂತೆ ನಕ್ಷೆಯನ್ನೇ ಬದಲಿಸಿದರು. 1969ರಲ್ಲಿ ಅಮೆರಿಕದ ಜಲಪೂರೈಕೆ ತಜ್ಞರ ಸಂಘ ಇದನ್ನು ಸ್ಮಾರಕವೆಂದು ಗುರುತಿಸಿತು. 1971ರಲ್ಲಿ ನಗರಾಡಳಿತವೂ ಆ ಮಾನ್ಯತೆ ನೀಡಿತು. ಈಗ ಒಳಗೆ ಕಲಾ ಪ್ರದರ್ಶನಗಳು ನಡೆಯುತ್ತವೆ.

ಗೋಪುರ ನೋಡಲು ಹೋದವರು ರಸ್ತೆ ದಾಟಿ ಪಂಪ್‌ಹೌಸನ್ನೂ ನೋಡಬೇಕು. ದುರಂತದ ನಂತರ ದುರಸ್ತಿಯಾದ ಆ ಕಟ್ಟಡದಿಂದ ನಗರಕ್ಕೆ ಇಂದಿಗೂ ನೀರು ಹೋಗುತ್ತಿದೆ.