ಹಸಿರು ನೀರು ಕೊಳೆ ನೀರೇ? ಮೀನು ಸಾಕಣೆಯ ಉಪ್ಪುನೀರು ಮತ್ತು ಸೂಕ್ಷ್ಮಪಾಚಿ

ಕೊಳದ ನೀರು ಹಸಿರಾಗಿದ್ದರೆ ಕೊಳೆಯೆಂದೇ ನಾವು ಭಾವಿಸುತ್ತೇವೆ. ಆದರೆ ಕಡಲಮೀನು ಸಾಕಣೆಯಲ್ಲಿ ಆ ಹಸಿರೇ ಕೊಳೆ ತೆಗೆಯುವ ಕೆಲಸಕ್ಕೆ ಬರುತ್ತದೆ.

ಮೀನಿನ ಆಹಾರದಲ್ಲಿರುವ ಸಾರಜನಕದ ದೊಡ್ಡ ಪಾಲು ಅದರ ಮೈಗೆ ಸೇರದೆ, ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ಆಗಿ ನೀರಿಗೇ ಮರಳುತ್ತದೆ. ಜೊತೆಗೆ ರಂಜಕವೂ ಇರುತ್ತದೆ. ಈ ನೀರನ್ನು ಹಾಗೆಯೇ ಕಡಲಿಗೆ ಬಿಟ್ಟರೆ ಅಲ್ಲಿ ಪಾಚಿ ಅತಿಯಾಗಿ ಬೆಳೆದು, ಕೊಳೆತು, ಆಮ್ಲಜನಕ ಕುಸಿಯಬಹುದು. ಜೊಂಡು ಬೆಳೆಸಿ ಶುದ್ಧೀಕರಿಸೋಣವೆಂದರೆ ಸಿಹಿನೀರಿನ ಹೆಚ್ಚಿನ ಗಿಡಗಳು ಉಪ್ಪು ತಾಳವು. ಟೆಟ್ರಾಸೆಲ್ಮಿಸ್, ನ್ಯಾನೋಕ್ಲೋರೋಪ್ಸಿಸ್‌ನಂಥ ಕಡಲ ಸೂಕ್ಷ್ಮಪಾಚಿಗಳಿಗೆ ಆ ತೊಂದರೆಯಿಲ್ಲ. ಬಿಸಿಲಿದ್ದರೆ ಎರಡನ್ನೂ ಹೀರಿ ಬೆಳೆಯುತ್ತವೆ.

ಹಾಗೆಂದು ಪಾಚಿ ಕಲ್ಮಶವನ್ನು ಮಾಯ ಮಾಡುವುದಿಲ್ಲ, ತನ್ನ ಮೈಯಲ್ಲಿ ಕೂಡಿಡುತ್ತದೆ ಅಷ್ಟೇ. ತೆಗೆಯದೆ ಬಿಟ್ಟರೆ ಸತ್ತು ಕೊಳೆತು ಎಲ್ಲವೂ ನೀರಿಗೆ ವಾಪಸ್! ನಿಜವಾದ ಕಷ್ಟ ಇಲ್ಲಿದೆ. ನ್ಯಾನೋಕ್ಲೋರೋಪ್ಸಿಸ್ ಕೋಶದ ಗಾತ್ರ ಸುಮಾರು 2ರಿಂದ 4 ಮೈಕ್ರಾನ್. ಬಟ್ಟೆಯಲ್ಲಿ ಸೋಸಲಾಗದು, ಸೆಂಟ್ರಿಫ್ಯೂಜ್ ಬಳಸಿದರೆ ವಿದ್ಯುತ್ ಖರ್ಚು ಹೆಚ್ಚು.

ಇಸ್ರೇಲ್‌ನ ಐಲಾಟ್‌ನಲ್ಲಿ ಸಂಶೋಧಕರು ಈ ಕೆಲಸವನ್ನು ಸಿಂಪಿಗಳಿಗೆ ಒಪ್ಪಿಸಿ ನೋಡಿದರು. ಮೀನುಕೊಳದ ಹಸಿರು ನೀರು ಹರಿದು ಬಂದರೆ ಸಿಂಪಿ ಪಾಚಿಯನ್ನು ಸೋಸಿ ತಿನ್ನುತ್ತದೆ. ಆದರೆ ಸಿಂಪಿಯೂ ಅಮೋನಿಯಾ ಹೊರಬಿಡುತ್ತದಲ್ಲ! ಅದಕ್ಕೇ ಮುಂದಿನ ತೊಟ್ಟಿಯಲ್ಲಿ ಉಲ್ವಾ ಎಂಬ ಕಡಲಕಳೆ. ಅದನ್ನು ಕೈಯಲ್ಲೇ ಬಾಚಿ ತೆಗೆಯಬಹುದು.