ಮಾಧ್ಯಮಗಳಲ್ಲಿ ಶಬ್ದ ಮತ್ತು ಬೆಳಕು: ಅಧ್ಯಯನದ ಇತಿಹಾಸ

ಶಬ್ದ, ಬೆಳಕು ಎರಡೂ ಅಲೆಗಳಾಗಿ ಸಾಗಿದರೂ ತಾವು ಹಾಯುವ ವಸ್ತುವಿಗೆ ತದ್ವಿರುದ್ಧವಾಗಿ ಸ್ಪಂದಿಸುತ್ತವೆ. ಶಬ್ದಕ್ಕೆ ಮಾಧ್ಯಮ ಬೇಕೇ ಬೇಕು. ಗಾಳಿಗಿಂತ ನೀರಿನಲ್ಲಿ, ನೀರಿಗಿಂತ ಉಕ್ಕಿನಲ್ಲಿ ಅದರ ವೇಗ ಹೆಚ್ಚು. ಬೆಳಕಿನ ವೇಗ ನಿರ್ವಾತದಲ್ಲೇ ಗರಿಷ್ಠ; ನೀರು, ಗಾಜುಗಳಲ್ಲಿ ಅದು ತಗ್ಗುತ್ತದೆ. ಇದನ್ನು ಖಚಿತಪಡಿಸಲು ಸುಮಾರು ಎರಡು ಶತಮಾನಗಳೇ ಬೇಕಾದವು.

ಶಬ್ದ: ಗಾಳಿ ತೆಗೆದ ಪಾತ್ರೆಯಲ್ಲಿ ತೂಗುಬಿಟ್ಟ ಗಡಿಯಾರದ ಸದ್ದು ಅಡಗುವುದನ್ನು ರಾಬರ್ಟ್ ಬಾಯ್ಲ್ 1660ರಲ್ಲಿ ಪ್ರಕಟಿಸಿದರು. ನ್ಯೂಟನ್ 1687ರಲ್ಲಿ ಲೆಕ್ಕಹಾಕಿದ ಶಬ್ದವೇಗ ವಾಸ್ತವಕ್ಕಿಂತ ಸುಮಾರು ಶೇ. 15ರಷ್ಟು ಕಡಿಮೆಯಿತ್ತು. ಅಲೆ ಹಾಯುವಾಗ ಒತ್ತಲ್ಪಟ್ಟ ಗಾಳಿ ಬಿಸಿಯಾಗುತ್ತದೆ, ಆ ಬಿಸಿ ಹರಡಿಹೋಗಲು ಅವಕಾಶವೇ ಇರುವುದಿಲ್ಲ ಎಂಬುದನ್ನು ಲಾಪ್ಲಾಸ್ 1816ರಲ್ಲಿ ಪರಿಗಣಿಸಿದ ಮೇಲೆ ಲೆಕ್ಕ ಸರಿಹೋಯಿತು.

1826ರಲ್ಲಿ ಡ್ಯಾನಿಯಲ್ ಕೊಲಾಡೊನ್ ಜಿನೀವಾ ಸರೋವರದಲ್ಲಿ ರಾತ್ರಿ ಹೊತ್ತು ಪ್ರಯೋಗ ನಡೆಸಿದರು. ಒಂದು ದೋಣಿಯಿಂದ ನೀರಿಗೆ ಇಳಿಬಿಟ್ಟ ಗಂಟೆಯನ್ನು ಬಾರಿಸಿದ ಕ್ಷಣದಲ್ಲೇ ಮೇಲೆ ಮದ್ದಿನಪುಡಿ ಹೊತ್ತಿಕೊಳ್ಳುತ್ತಿತ್ತು. ಸುಮಾರು 13.5 ಕಿ.ಮೀ. ದೂರದ ಇನ್ನೊಂದು ದೋಣಿಯಲ್ಲಿ ಕುಳಿತ ಅವರು ಆ ಮಿಂಚು ಕಂಡೊಡನೆ ಕಾಲ ಎಣಿಸಲು ತೊಡಗಿ, ನೀರಿನಲ್ಲಿ ಮುಳುಗಿಸಿದ ಉದ್ದನೆಯ ತಗಡಿನ ಕೊಳವೆಗೆ ಕಿವಿಗೊಟ್ಟು ಗಂಟೆಯ ದನಿಗೆ ಕಾದರು. ದೊರೆತ ವೇಗ ಸೆಕೆಂಡಿಗೆ 1,435 ಮೀಟರ್, ಗಾಳಿಯಲ್ಲಿನದರ ನಾಲ್ಕು ಪಟ್ಟಿಗೂ ಹೆಚ್ಚು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದರೂ ಒತ್ತಡಕ್ಕೆ ಸುಲಭವಾಗಿ ಕುಗ್ಗದಿರುವುದೇ ಈ ವೇಗಕ್ಕೆ ಕಾರಣ.

ಬೆಳಕು: ನೀರನ್ನು ಹೊಕ್ಕ ಬೆಳಕು ಬಾಗುವುದೇಕೆ ಎಂಬುದು ದೊಡ್ಡ ವಿವಾದವಾಗಿತ್ತು. ಬೆಳಕಿನ ಕಣಗಳನ್ನು ನೀರು ಸೆಳೆದುಕೊಳ್ಳುವುದರಿಂದ ವೇಗ ಹೆಚ್ಚುತ್ತದೆ ಎಂಬುದು ನ್ಯೂಟನ್ ವಾದ. ಬೆಳಕು ಅಲೆ, ನೀರಿನಲ್ಲಿ ಅದು ನಿಧಾನವಾಗುತ್ತದೆ ಎಂಬುದು ಹೈಗೆನ್ಸ್ ವಾದ. 1850ರಲ್ಲಿ ಪ್ಯಾರಿಸ್ಸಿನಲ್ಲಿ ಲಿಯಾನ್ ಫೂಕೊ ವೇಗವಾಗಿ ತಿರುಗುವ ಕನ್ನಡಿಯಿಂದ ಒಂದು ಕಿರಣವನ್ನು ಗಾಳಿಯಲ್ಲಿ, ಇನ್ನೊಂದನ್ನು ನೀರು ತುಂಬಿದ ಕೊಳವೆಯಲ್ಲಿ ಕಳಿಸಿ ಮರಳಿ ಪಡೆದರು. ಕಿರಣ ತಡವಾದಷ್ಟೂ ಕನ್ನಡಿ ಹೆಚ್ಚು ತಿರುಗಿರುತ್ತದೆ, ಬಿಂಬ ಹೆಚ್ಚು ಸರಿಯುತ್ತದೆ. ನೀರಿನಲ್ಲಿ ಹಾದುಬಂದ ಬಿಂಬವೇ ಹೆಚ್ಚು ಸರಿದಿತ್ತು. ಅಲೆವಾದಕ್ಕೆ ಇದು ಬಲವಾದ ಸಾಕ್ಷ್ಯವಾಯಿತು.

ಎರಡರ ಸಂಗಮ: ದ್ರವದಲ್ಲಿ ಹಾಯುವ ಶ್ರವಣಾತೀತ ಅಲೆಗಳು ಬೆಳಕನ್ನು ವಿವರ್ತಿಸುತ್ತವೆಂದು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ಗಳಲ್ಲಿ ಕಂಡುಬಂತು. ಇದರ ಸಿದ್ಧಾಂತವನ್ನು 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ರೂಪಿಸಿದರು. ಶಬ್ದದ ಅಲೆಯಿಂದ ದ್ರವದ ಸಾಂದ್ರತೆ ಜಾಗದಿಂದ ಜಾಗಕ್ಕೆ ಏರಿಳಿಯುತ್ತದೆ. ಅದರೊಂದಿಗೆ ಬೆಳಕಿನ ವೇಗವೂ ಬದಲಾಗಿ, ಅಲೆಮುಖ ಸುಕ್ಕುಗಟ್ಟಿ, ಕಿರಣ ಹಲವಾಗಿ ಒಡೆಯುತ್ತದೆ. ಲೇಸರ್ ಕಿರಣದ ದಿಕ್ಕು, ತೀವ್ರತೆಗಳನ್ನು ಶಬ್ದದಿಂದ ನಿಯಂತ್ರಿಸುವ ಇಂದಿನ ಉಪಕರಣಗಳಿಗೆ ಈ ವಿದ್ಯಮಾನವೇ ಆಧಾರ.