ಬಂಡೀಪುರ ಮತ್ತು ನಾಗರಹೊಳೆ ಅರಣ್ಯಗಳ ಕಾಳ್ಗಿಚ್ಚು

ಬಂಡೀಪುರ ಮತ್ತು ನಾಗರಹೊಳೆ ಅರಣ್ಯಗಳ ಕಾಳ್ಗಿಚ್ಚು ಎಂದರೆ ಕರ್ನಾಟಕದ ಚಾಮರಾಜನಗರ, ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿರುವ ಈ ಎರಡು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಬೇಸಿಗೆಯ ಕಾಲದಲ್ಲಿ ಕಾಣಿಸಿಕೊಳ್ಳುವ ಅರಣ್ಯ ಬೆಂಕಿ. ಕಾಡ್ಗಿಚ್ಚು, ದಾವಾಗ್ನಿ ಎಂಬ ಹೆಸರುಗಳೂ ಇದಕ್ಕಿವೆ. ಈ ಬೆಂಕಿಗಳಲ್ಲಿ ಹೆಚ್ಚಿನವು ಮನುಷ್ಯರಿಂದಲೇ ಉಂಟಾಗುತ್ತವೆ. ಆದರೆ ಕಿಡಿ ಎಷ್ಟು ದೂರ ಹಬ್ಬುತ್ತದೆ ಎಂಬುದು ಹಿಂದಿನ ವರ್ಷದ ಮಳೆ, ಹುಲ್ಲಿನ ಬೆಳವಣಿಗೆ ಮತ್ತು ಲಂಟಾನದ ಹಬ್ಬುವಿಕೆಯನ್ನು ಅವಲಂಬಿಸಿದೆ.

ಭೌಗೋಳಿಕ ಹಿನ್ನೆಲೆ

ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿತು. ನಾಗರಹೊಳೆಯು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇವೆರಡೂ ತಮಿಳುನಾಡಿನ ಮುದುಮಲೈ ಮತ್ತು ಕೇರಳದ ವಯನಾಡು ಅರಣ್ಯಗಳೊಂದಿಗೆ ನೀಲಗಿರಿ ಜೀವಗೋಳದ ಭಾಗವಾಗಿವೆ. ಇಲ್ಲಿನ ಕಾಡು ಬಹುಮಟ್ಟಿಗೆ ಎಲೆಯುದುರುವ ಜಾತಿಯದು. ತೇಗ, ಮತ್ತಿ, ದಿಂಡಿಗ, ಹೊನ್ನೆ ಮತ್ತು ಬೀಟೆ ಮುಖ್ಯ ಮರಗಳು. ಪಶ್ಚಿಮದಲ್ಲಿ ಮಳೆ ಹೆಚ್ಚು. ಪೂರ್ವಕ್ಕೆ, ಗುಂಡ್ಲುಪೇಟೆಯ ಕಡೆಗೆ, ಬಂದಂತೆ ಮಳೆ ಕಡಿಮೆಯಾಗಿ ಕುರುಚಲು ಕಾಡು ಕಾಣಿಸುತ್ತದೆ.

ಜನವರಿಯ ಹೊತ್ತಿಗೆ ಎಲೆಗಳು ಉದುರಿ ನೆಲದ ಮೇಲೆ ತರಗಿನ ಹಾಸು ಬೀಳುತ್ತದೆ. ಮಳೆಗಾಲದಲ್ಲಿ ಎತ್ತರವಾಗಿ ಬೆಳೆದ ಹುಲ್ಲು ಒಣಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಕಿಯ ಅಪಾಯ ಹೆಚ್ಚು. ಮುಂಗಾರಿಗೆ ಮುಂಚಿನ ಮಳೆ ಬಂದೊಡನೆ ಈ ಅವಧಿ ಮುಗಿಯುತ್ತದೆ.

ಕಾರಣಗಳು

ಬಿದಿರುಗಳು ಒಂದಕ್ಕೊಂದು ಉಜ್ಜಿ ಬೆಂಕಿ ಹುಟ್ಟುತ್ತದೆ ಎಂಬ ನಂಬಿಕೆ ಜನರಲ್ಲಿ ವ್ಯಾಪಕವಾಗಿದೆ. ಆದರೆ ಇಲ್ಲಿನ ಬೆಂಕಿಗಳಿಗೆ ಅದು ಮುಖ್ಯ ಕಾರಣವಲ್ಲ. ಸಿಡಿಲು ಸಾಮಾನ್ಯವಾಗಿ ಮಳೆಯೊಂದಿಗೆ ಬರುವುದರಿಂದ ಅದರ ಪಾಲೂ ಅತ್ಯಲ್ಪ. ಹೊಸ ಹುಲ್ಲು ಚಿಗುರಲೆಂದು ದನಗಾಹಿಗಳು ಹಚ್ಚುವ ಬೆಂಕಿ, ಕಿರು ಅರಣ್ಯ ಉತ್ಪನ್ನಗಳನ್ನು ಆಯ್ದುಕೊಳ್ಳಲು ನೆಲ ಸುಡುವುದು, ಕಾಡಂಚಿನ ಹೊಲಗಳಲ್ಲಿ ಕಸ ಸುಡುವುದು, ದಾರಿಹೋಕರು ಎಸೆಯುವ ಬೀಡಿ-ಸಿಗರೇಟಿನ ತುಂಡು, ಹಾಗೂ ವನ್ಯಜೀವಿ ಸಂಘರ್ಷದಿಂದ ಹುಟ್ಟಿದ ಕೋಪ ಇವು ಸಾಮಾನ್ಯ ಕಾರಣಗಳು.

ಬಿದಿರು ಬೇರೆ ರೀತಿಯಲ್ಲಿ ಬೆಂಕಿಗೆ ನೆರವಾಗುತ್ತದೆ. ದಶಕಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು ಸಾಯುವ ಹೆಬ್ಬಿದಿರಿನ ಒಣ ಮೆಳೆಗಳು ಅಪಾರ ಇಂಧನವನ್ನು ಒದಗಿಸುತ್ತವೆ. ಬೆಂಕಿ ಆರಿದಂತೆ ಕಂಡ ಮೇಲೂ ಒಣಗಿದ ಆನೆ ಲದ್ದಿ ಮತ್ತು ಬಿದ್ದ ಮರದ ದಿಮ್ಮಿಗಳು ಗಂಟೆಗಟ್ಟಲೆ ಒಳಗೊಳಗೇ ಕನಲುತ್ತಿರುತ್ತವೆ. ಗಾಳಿ ಬೀಸಿದಾಗ ಅವುಗಳಿಂದ ಬೆಂಕಿ ಮತ್ತೆ ಹೊತ್ತಿಕೊಳ್ಳಬಹುದು.

ಬೆಂಕಿಯ ಪ್ರವೃತ್ತಿ

ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೈಯಲ್ಲಿ 1989ರಿಂದ 2002ರವರೆಗಿನ ಬೆಂಕಿಯ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅಲ್ಲಿ ಒಂದೇ ಜಾಗಕ್ಕೆ ಸರಾಸರಿ 3.3 ವರ್ಷಗಳಿಗೊಮ್ಮೆ ಬೆಂಕಿ ಬೀಳುತ್ತಿತ್ತು. ಇದು 20ನೇ ಶತಮಾನದ ಆರಂಭದ ಪ್ರಮಾಣಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು. ಇಷ್ಟು ಬೇಗ ಬೆಂಕಿ ಮರಳಿದರೆ ಎಳೆಯ ಸಸಿಗಳು ಸುಡದಷ್ಟು ಎತ್ತರಕ್ಕೆ ಬೆಳೆಯುವ ಮೊದಲೇ ಸಾಯುತ್ತವೆ. ದೊಡ್ಡ ಮರಗಳು ಉಳಿದರೂ ಅವುಗಳ ಮುಂದಿನ ಪೀಳಿಗೆ ಬೆಳೆಯುವುದಿಲ್ಲ.

ಮಳೆಯ ಏರಿಳಿತವೂ ಮುಖ್ಯ. ಉತ್ತಮ ಮಳೆಯ ವರ್ಷದಲ್ಲಿ ಹುಲ್ಲು ಸೊಂಪಾಗಿ ಬೆಳೆಯುತ್ತದೆ. ಅದರ ಬೆನ್ನಿಗೇ ದೀರ್ಘ ಒಣಹವೆ ಬಂದರೆ ಅದೇ ಹುಲ್ಲು ಇಂಧನವಾಗುತ್ತದೆ.

ಪ್ರಮುಖ ಘಟನೆಗಳು

2012: ಮಾರ್ಚ್ ತಿಂಗಳಲ್ಲಿ ನಾಗರಹೊಳೆಯಲ್ಲಿ ವ್ಯಾಪಕ ಬೆಂಕಿ ಕಾಣಿಸಿಕೊಂಡಿತು.

2017: ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು.

2019: ಫೆಬ್ರವರಿ ಕೊನೆಯ ವಾರದಲ್ಲಿ ಬಂಡೀಪುರದಲ್ಲಿ ಹೊತ್ತಿದ ಬೆಂಕಿಯು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಕಾಡನ್ನೂ ಆವರಿಸಿತು. ಅದನ್ನು ನಂದಿಸಲು ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ಮೇಲಿನಿಂದ ನೀರು ಸುರಿದವು. ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹ ಚಿತ್ರಗಳ ಆಧಾರದಲ್ಲಿ ಸುಟ್ಟ ಪ್ರದೇಶವನ್ನು ಸುಮಾರು 4,400 ಹೆಕ್ಟೇರ್ (ಸುಮಾರು 10,900 ಎಕರೆ) ಎಂದು ಅಂದಾಜಿಸಿತು.

ಪರಿಣಾಮಗಳು

ಆನೆ, ಹುಲಿ, ಕಾಟಿಯಂತಹ ದೊಡ್ಡ ಪ್ರಾಣಿಗಳು ಸಾಮಾನ್ಯವಾಗಿ ಬೆಂಕಿಯಿಂದ ದೂರ ಸರಿಯುತ್ತವೆ. ಆಮೆ, ಹಾವು, ಮರಿಗಳು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಮತ್ತು ಕೀಟಗಳು ಬಲಿಯಾಗುತ್ತವೆ. ಹೊದಿಕೆ ಕಳೆದುಕೊಂಡ ನೆಲದಿಂದ ಮೊದಲ ಮಳೆಗೇ ಮಣ್ಣು ಮತ್ತು ಬೂದಿ ಕೊಚ್ಚಿಕೊಂಡು ಹೊಳೆಗಳನ್ನು ಸೇರುತ್ತವೆ. ಕಬಿನಿ, ನುಗು ಮತ್ತು ಮೋಯಾರ್ ನದಿಗಳಿಗೆ ಈ ಕಾಡುಗಳಿಂದ ನೀರು ಹರಿಯುವುದರಿಂದ ಈ ನಷ್ಟವು ಕಾಡಿಗಷ್ಟೇ ಸೀಮಿತವಲ್ಲ. ಮಳೆಯ ನಂತರ ಚಿಗುರುವ ಹುಲ್ಲು ಜಿಂಕೆಗಳನ್ನು ಆಕರ್ಷಿಸುತ್ತದೆ.

ಲಂಟಾನ ಮತ್ತು ತರಗು ಬೆಂಕಿ

ಲಂಟಾನವು ಅಮೆರಿಕ ಖಂಡ ಮೂಲದ ಮುಳ್ಳುಪೊದೆ. 19ನೇ ಶತಮಾನದ ಆರಂಭದಲ್ಲಿ ಅಲಂಕಾರ ಸಸ್ಯವಾಗಿ ಭಾರತಕ್ಕೆ ಬಂದ ಇದು ಇಂದು ಈ ಕಾಡುಗಳ ನೆಲಹಂತವನ್ನು ಬಹುಪಾಲು ಆಕ್ರಮಿಸಿದೆ. ನೆಲದ ಬೆಂಕಿಯು ಒಣಗಿದ ಲಂಟಾನದ ಪೊದೆಗಳನ್ನು ಏಣಿಯಾಗಿ ಬಳಸಿಕೊಂಡು ಮರದ ಕೊಂಬೆಗಳಿಗೆ ಏರುತ್ತದೆ.

ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಚಳಿಗಾಲದ ಕೊನೆಗೆ, ನೆಲದಲ್ಲಿ ಇನ್ನೂ ಸ್ವಲ್ಪ ತೇವವಿರುವಾಗಲೇ, ಉದುರೆಲೆಗಳಿಗೆ ಹಗುರವಾದ ಬೆಂಕಿ ಹಾಕುತ್ತಿದ್ದರು. ಇದನ್ನು ‘ತರಗು ಬೆಂಕಿ’ ಎನ್ನುತ್ತಾರೆ. ಈ ಬೆಂಕಿಯು ಲಂಟಾನದ ಸಸಿಗಳನ್ನು ಸುಡುತ್ತಿತ್ತು ಮತ್ತು ನೆಲ್ಲಿಮರಗಳನ್ನು ಹಿಂಡುವ ‘ಉಪ್ಪಿಲು’ ಎಂಬ ಬಂದಳಿಕೆಯನ್ನು ಹತೋಟಿಯಲ್ಲಿಡುತ್ತಿತ್ತು ಎಂಬುದು ಸೋಲಿಗರ ವಿವರಣೆ. 1974ರಲ್ಲಿ ಆ ಪ್ರದೇಶ ವನ್ಯಧಾಮವಾದ ಮೇಲೆ ಈ ಪದ್ಧತಿ ನಿಂತಿತು. ಲಂಟಾನ ಹಬ್ಬಲು ಇದೂ ಒಂದು ಕಾರಣವೆಂದು ಅವರು ಹೇಳುತ್ತಾರೆ. ಈ ತಿಳಿವಳಿಕೆಯನ್ನು ಸಂಶೋಧಕರೂ ದಾಖಲಿಸಿದ್ದಾರೆ.

ಆದರೆ ಪದೇ ಪದೇ ಬೀಳುವ ಬೆಂಕಿಯು ಕಾಡಿನ ಪುನರುತ್ಪತ್ತಿಯನ್ನು ಕುಂದಿಸುತ್ತದೆ ಎಂಬ ಆತಂಕವೂ ಇದೆ. ಜೊತೆಗೆ ಲಂಟಾನ ಈಗಾಗಲೇ ದಟ್ಟವಾಗಿರುವಲ್ಲಿ ಹಗುರವಾದ ಬೆಂಕಿಯೂ ಕೈಮೀರಬಹುದು. ಆದ್ದರಿಂದ ಮೊದಲು ಪೊದೆಗಳನ್ನು ಬೇರುಸಹಿತ ತೆಗೆಯದೆ ಹಳೆಯ ಪದ್ಧತಿಗೆ ಮರಳುವುದು ಸುಲಭವಲ್ಲ.

ನಿಯಂತ್ರಣ ಕ್ರಮಗಳು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನ ಪ್ರಕಾರ ವನ್ಯಧಾಮದಲ್ಲಿ ಬೆಂಕಿ ಹಚ್ಚುವುದು ಅಪರಾಧ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ಬೇಸಿಗೆಗೆ ಮುನ್ನ ಅರಣ್ಯ ಇಲಾಖೆಯು ರಸ್ತೆ ಮತ್ತು ಗಡಿಗಳುದ್ದಕ್ಕೂ ಹುಲ್ಲು-ತರಗನ್ನು ತೆಗೆದು ಅಥವಾ ಸುಟ್ಟು ‘ಬೆಂಕಿ ರೇಖೆ’ಗಳನ್ನು ನಿರ್ಮಿಸುತ್ತದೆ. ಕಾಡಂಚಿನ ಹಾಡಿಗಳ ಸೋಲಿಗರು ಮತ್ತು ಜೇನುಕುರುಬರು ಸೇರಿದಂತೆ ಸ್ಥಳೀಯರನ್ನು ತಾತ್ಕಾಲಿಕ ಬೆಂಕಿ ಕಾವಲುಗಾರರನ್ನಾಗಿ ನೇಮಿಸಿಕೊಳ್ಳಲಾಗುತ್ತದೆ. ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಬೆಂಕಿ ಆರಿಸುವುದು ಇಂದಿಗೂ ಮುಖ್ಯ ವಿಧಾನವಾಗಿದೆ. ದೊಡ್ಡ ಬೆಂಕಿಗೆ ‘ಎದುರು ಬೆಂಕಿ’ ಕೊಟ್ಟು ಅದರ ಮುಂದಿನ ಇಂಧನವನ್ನು ಇಲ್ಲವಾಗಿಸುವುದೂ ಉಂಟು.

ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು 2004ರಿಂದ ಉಪಗ್ರಹಗಳ ಮೂಲಕ ಬೆಂಕಿಯನ್ನು ಗುರುತಿಸಿ ರಾಜ್ಯಗಳಿಗೆ ಎಚ್ಚರಿಕೆ ಕಳುಹಿಸುತ್ತಿದೆ. ಬಂಡೀಪುರದಲ್ಲಿ ಕಾವಲು ಗೋಪುರಗಳೊಂದಿಗೆ ಡ್ರೋನ್‌ಗಳನ್ನೂ ಬಳಸಲಾಗಿದೆ.

ಇತರ ಉಷ್ಣವಲಯದ ದೇಶಗಳೊಂದಿಗೆ ಹೋಲಿಕೆ

ಪಶ್ಚಿಮ ಆಫ್ರಿಕಾದ ಘಾನಾದಲ್ಲಿ 1982–83ರ ತೀವ್ರ ಬರದ ವೇಳೆ ಬೆಂಕಿಯು ಕಾಡಿನೊಂದಿಗೆ ಕೋಕೋ ತೋಟಗಳನ್ನೂ ನಾಶಮಾಡಿತು. ಅಲ್ಲಿಯೂ ಸುಟ್ಟ ಜಾಗಗಳಲ್ಲಿ ಅಮೆರಿಕ ಮೂಲದ ಕಳೆಯೊಂದು ಹಬ್ಬಿ ಮುಂದಿನ ಬೆಂಕಿಗೆ ಇಂಧನವಾಗುತ್ತದೆ. ಕರಾವಳಿ ಕರ್ನಾಟಕದಲ್ಲಿ ‘ಕಮ್ಯುನಿಸ್ಟ್ ಗಿಡ’ ಎಂದು ಕರೆಯಲ್ಪಡುವುದೂ ಇದೇ ಸಸ್ಯ. ಒಮ್ಮೆ ಸುಟ್ಟ ಕಾಡು ಮತ್ತೆ ಸುಡಲು ಹೆಚ್ಚು ಅನುಕೂಲವಾಗುವ ಈ ಸರಣಿ ಎರಡೂ ಪ್ರದೇಶಗಳಲ್ಲಿ ಕಂಡುಬರುತ್ತದೆ.